ಒಬ್ಬಾಕಿಯ ಅಳತೆ

ಬಿಜಾಪುರ
೧೪ ಜನವರಿ ೧೯೭೪

ಟಿಕೋಟಾದ ಮಾಶಾಬಿಯವರಿಗೆ, ಬಿಜಾಪುರ ಸ್ಟೇಶನ್ನಿನ ಬುಕಿಂಗ್ ಕ್ಲಾರ್ಕ್ ಯಲಗೂರಪ್ಪನ ನಮಸ್ಕಾರಗಳು.

ಗುರುತು ಪರಿಚಯ ಇಲ್ಲದವನು ಕಾಗದ ಬರೆದನೆಂದು ಸಿಟ್ಟಾಗಬೇಡಿ. ನಿಮ್ಮ ವಿಳಾಸ ಕೊಟ್ಟವನು ಸೈಫುದ್ದೀನ. ಬಬಲೇಶ್ವರದಲ್ಲಿ ನಿಮ್ಮ ಯಜಮಾನರು ರಸೂಲಸಾಬರ ಕೈಕೆಳಗೆ ಬಡಿಗತನ ಕಲಿತವನು. ಈಗ ಇಲ್ಲಿ ಸ್ವಂತ ಅಂಗಡಿ ಹಾಕಿದ್ದಾನೆ. ರಸೂಲಸಾಬರು ತೀರಿಕೊಂಡು ಹತ್ತು ವರ್ಷ ಕಳೆದವೆಂದು ಅವನೇ ಹೇಳಿದ. ಅವರನ್ನು ನೋಡುವ ಭಾಗ್ಯ ನನಗೆ ಸಿಗಲಿಲ್ಲ.

ನನಗೊಂದು ಹುಚ್ಚು ಹಿಡಿದಿದೆ. ರಸೂಲಸಾಬರು ಮಾಡಿದ ಖುರ್ಚಿಗಳನ್ನು ಹುಡುಕಿ ಹುಡುಕಿ ಮನೆಗೆ ತರುತ್ತೇನೆ. ಇದು ಶುರುವಾದದ್ದು ನಮ್ಮ ಗೂಡ್ಸ್ ಶೆಡ್ಡಿನಲ್ಲಿ. ನಿವೃತ್ತರಾಗಿ ತಮ್ಮ ಊರಿಗೆ ಹೊರಟಿದ್ದ ಒಬ್ಬ ಇಂಜಿನಿಯರ್ ಸಾಹೇಬರು ಸಾಮಾನೆಲ್ಲ ವ್ಯಾಗನ್ನಿಗೆ ಹಾಕಿಸಿ, ಒಂದು ಖುರ್ಚಿಯನ್ನು ಮಾತ್ರ ಬೇಡವೆಂದು ಬಿಟ್ಟುಹೋದರು. ಸಾಗವಾನಿ ಕಟ್ಟಿಗೆ. ಹೂವಿಲ್ಲ, ಬಳ್ಳಿಯಿಲ್ಲ, ನವಿಲಿಲ್ಲ. ಕಾಲುಗಳು ಕೆಳಗೆ ಹೋದಂತೆ ಸಣ್ಣಗಾಗಿ ಹೊರಗೆ ಚಾಚಿಕೊಂಡಿವೆ, ಈಗಷ್ಟೇ ಎದ್ದು ನಿಂತ ಕರುವಿನ ಹಾಗೆ. ಕೂರುವ ಹಲಗೆಯನ್ನು ಬಟ್ಟಲಿನಂತೆ ತೋಡಿದ್ದಾರೆ. ಇಪ್ಪತ್ತು ವರ್ಷದ ಹಿಂದೆ ಹೊಸ ಬಂಗಲೆಗಳು ಎದ್ದಾಗ ಆ ಸಾಹೇಬರೇ ರಸೂಲಸಾಬರಿಗೆ ಪರದೇಶದ ಪುಸ್ತಕದ ಚಿತ್ರ ತೋರಿಸಿ 'ಇಂಥದು ಮಾಡು' ಎಂದಿದ್ದರಂತೆ.

ಮಧ್ಯಾಹ್ನದ ಗಾಡಿ ಹೋದ ಮೇಲೆ ನಮ್ಮ ಸ್ಟೇಶನ್ನಿನಲ್ಲಿ ನೊಣ ಹಾರಿದರೂ ಕೇಳುತ್ತದೆ. ಅಂಥ ಹೊತ್ತಿನಲ್ಲಿ ಅದರ ಮೇಲೆ ಕೂತೆ. ಯಾರೋ ಈಗ ತಾನೇ ಎದ್ದು ಒಳಗೆ ಹೋದ ಜಾಗದಲ್ಲಿ ಕೂತಂತೆ ಅನಿಸಿತು. ಹಾಗೇ ಜೊಂಪು ಹತ್ತಿತು. ಕನಸಿನಲ್ಲಿ ಒಂದು ನೀರಿನ ದಂಡೆ ಇತ್ತು, ಯಾರೂ ಇರಲಿಲ್ಲ. ಎಚ್ಚರವಾದಾಗ ಮುಂದಿನ ಗಾಡಿಯ ಜನ ಕಿಟಕಿ ಬಡಿಯುತ್ತಿದ್ದರು.

ಆಮೇಲೆ ಬಿಟ್ಟರೆ ಕೇಳಿ. ಒಬ್ಬ ವಕೀಲರ ಅಟ್ಟದಿಂದ ಒಂದು, ಕಳ್ಳಕವಟಗಿಯಿಂದ ಒಂದು, ಬಬಲೇಶ್ವರದಿಂದಲೇ ಒಂದು ತಂದೆ. ತೊರವಿಯಲ್ಲಿ ಒಂದು ದನದ ಕೊಟ್ಟಿಗೆಯಲ್ಲಿ ಹಿಂಡಿಯ ಬುಟ್ಟಿ ಹೊತ್ತು ನಿಂತಿತ್ತು. ನನ್ನ ಹೆಂಡತಿ ರೇಣವ್ವ ಬಂದವರೆದುರು ಹೇಳುತ್ತಾಳೆ: "ಐದು ಖುರ್ಚಿ ಅದಾವ್ರಿ, ಮನ್ಯಾಗ ಕುಂದ್ರಾಕ ಮಾತ್ರ ಜಾಗ ಇಲ್ಲ."

ತೊರವಿಯ ಖುರ್ಚಿಯ ಎಡಗೈ ಮುರಿದುಹೋಗಿದೆ. ಸೈಫುದ್ದೀನ ಅದನ್ನು ಮುಟ್ಟಲು ಒಲ್ಲೆ ಅನ್ನುತ್ತಾನೆ. "ಉಸ್ತಾದರು ಟೇಪು ಹಿಡೀತಿರಲಿಲ್ರಿ. ಒಂದು ಬಿದಿರಿನ ಅಳತಿ ಕೋಲಿತ್ತು, ಅದರ ಗೀರಿನ ಮ್ಯಾಲ ಎಲ್ಲಾ ಮಾಡ್ತಿದ್ರು. ಆ ಕೋಲು ತರ್ರಿ, ಆಮ್ಯಾಲ ಮಾತಾಡೂಣು" ಎಂದ. ಕೋಲು ನಿಮ್ಮ ಹತ್ತಿರ ಇದೆಯಂತೆ. ಒಂದು ಭಾನುವಾರ ಟಿಕೋಟಾಕ್ಕೆ ಬರಲೇ? ನೋಡಿ, ಅಳತೆ ಬರೆದುಕೊಂಡು ಹಿಂದಕ್ಕೆ ಕೊಡುತ್ತೇನೆ.

ತಮ್ಮ,
ಯಲಗೂರಪ್ಪ


ಟಿಕೋಟಾ
೨ ಫೆಬ್ರುವರಿ ೧೯೭೪

ಯಲಗೂರಪ್ಪನವರಿಗೆ ಮಾಶಾಬಿ ಬರೆಯುವುದು.

ಬರಬೇಡಿ. ಇದು ನನ್ನ ಅಣ್ಣ ಅಬ್ದುಲಸಮದನ ಮನೆ. ಇಲ್ಲಿ ಆ ಮನುಷ್ಯನ ಹೆಸರು ಎತ್ತುವುದಿಲ್ಲ. ನಾನು ಸಾಲಿಯಲ್ಲಿ ನಾಲ್ಕನೇ ಇಯತ್ತೆವರೆಗೆ ಕಲಿತಿದ್ದೇನೆ, ಕಾಗದ ನಾನೇ ಓದಿಕೊಂಡೆ.

ಕೋಲು ಇಲ್ಲ. ಒಲೆಗೆ ಹೋಯಿತು.

ಖುರ್ಚಿಗಳ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಒಂದರ ಮೇಲೂ ನಾನು ಕೂತವಳಲ್ಲ. ಹೊಸದು ತಯಾರಾದಾಗಲೆಲ್ಲ ಆ ಮನುಷ್ಯ "ಬಾರ ಬೇ, ಒಮ್ಮೆ ಕುಂತು ನೋಡು" ಎಂದು ಕರೆಯುತ್ತಿದ್ದ. ನಮ್ಮಲ್ಲಿ ಹೆಣ್ಣುಮಕ್ಕಳು ಖುರ್ಚಿಯ ಮೇಲೆ ಕೂರುವುದಿಲ್ಲ. ನಾನು ಹೋಗಲಿಲ್ಲ.

ಕೌದಿ ಹೊಲಿದುಕೊಂಡು ನನ್ನ ಪಾಡಿಗೆ ನಾನಿದ್ದೇನೆ. ನೀವು ಕೂಡಿಸುತ್ತಿರುವುದು ಯಾರ ಖುರ್ಚಿಗಳೆಂದು ಸೈಫುದ್ದೀನನನ್ನೇ ಕೇಳಿ. ಅವನಿಗೆ ಗೊತ್ತಿದೆ.

ಮಾಶಾಬಿ


ಬಿಜಾಪುರ
೧೧ ಫೆಬ್ರುವರಿ ೧೯೭೪

ಮಾಶಾಬಿಯವರಿಗೆ ಯಲಗೂರಪ್ಪನ ನಮಸ್ಕಾರ.

ಕೋಲು ಒಲೆಗೆ ಹೋಯಿತೆಂದು ಓದಿ ಅವತ್ತು ನನಗೆ ಊಟ ಸೇರಲಿಲ್ಲ. ರೇಣವ್ವ "ಯಾರರ ತೀರಿಕೊಂಡಾರೇನು?" ಎಂದು ಕೇಳಿದಳು. ಹೌದೆಂದೆ.

ನೀವು ಹೇಳಿದಂತೆ ಸೈಫುದ್ದೀನನನ್ನು ಕೇಳಿದೆ. ಅವನು ಕಟ್ಟಿಗೆ ಹೆರೆಯುತ್ತಿದ್ದ ರಂದಾ ಕೆಳಗಿಟ್ಟು ತಲೆ ಕೆರೆದುಕೊಂಡ. ಆಮೇಲೆ ಹೇಳಿದ. "ಎಲ್ಲಾ ಖುರ್ಚಿ ಒಬ್ಬಾಕಿ ಅಳತೀವು ಅಂತ ಉಸ್ತಾದರು ಒಮ್ಮೆ ಅಂದಿದ್ರು. ಯಾರು ಅಂತ ಹೇಳಲಿಲ್ಲ. ನಾ ತಿಳೀಲಾರದ ಅದನ್ನ ಮನ್ಯಾಗ ಅವ್ವಾರ ಮುಂದ ಅಂದ್ಬಿಟ್ಟೆ."

ನೋಡಿ, ಅವತ್ತು ನನಗೆ ಅನಿಸಿದ್ದು ಸುಳ್ಳಲ್ಲ. ಆ ಖುರ್ಚಿಯಿಂದ ಎದ್ದು ಹೋದವರು ಒಬ್ಬರು ಇದ್ದಾರೆ. ಈಗ ಕೆಲಸ ಮುಗಿಸಿ ಮನೆಗೆ ಬಂದರೆ ಐದೂ ಖುರ್ಚಿಗಳ ನಡುವೆ ಸುಮ್ಮನೆ ನಿಲ್ಲುತ್ತೇನೆ. ಒಬ್ಬಾಕೆಯೇ ಐದೂ ಕಡೆ ಕೂತು ಮಾತಾಡಿಕೊಳ್ಳುತ್ತಿದ್ದಾಳೆ ಅನಿಸುತ್ತದೆ. ಯಾರು ಆಕೆ? ಎಲ್ಲಿದ್ದಾಳೆ? ನಿಮಗೆ ಗೊತ್ತಿದ್ದರೆ ಹೇಳಿ. ಆಕೆಯನ್ನು ಒಮ್ಮೆ ನೋಡಬೇಕೆಂಬ ಆಸೆ.

ಯಲಗೂರಪ್ಪ


ಟಿಕೋಟಾ
೨೫ ಫೆಬ್ರುವರಿ ೧೯೭೪

ಯಲಗೂರಪ್ಪನವರಿಗೆ,

ನೀವು ಒಳ್ಳೆಯವರೋ ದಡ್ಡರೋ ತಿಳಿಯದು. ಗಂಡನ ಮನೆ ಬಿಟ್ಟು ಬಂದವಳ ಹತ್ತಿರ, ಯಾಕೆ ಬಿಟ್ಟು ಬಂದಳೋ ಅದನ್ನೇ ಕೇಳುತ್ತೀರಿ. ನಿಮಗೆ ತಿಳಿಯಲಿ ಎಂದು ಬರೆಯುತ್ತೇನೆ, ಮತ್ತೆ ಕೇಳಬೇಡಿ.

ಸೈಫುದ್ದೀನ ಆ ಮಾತು ಆಡಿದ ದಿನ ಸಂಜೆ ನಾನು ಆ ಮನುಷ್ಯನನ್ನು ಕೇಳಿದೆ. ಇಲ್ಲ ಅಂದಿದ್ದರೆ ಸಾಕಿತ್ತು. ಅವನು ನಕ್ಕ. "ಒಬ್ಬಾಕೀದ ಅಳತಿ ಖರೆ. ಯಾರಂತ ನೀನ ಹೇಳು ನೋಡೂಣು" ಎಂದ. ಹೇಳುವುದೇನು? ಆ ಇಂಜಿನಿಯರನ ಬಂಗಲೆಗೆ ವಾರಕ್ಕೊಮ್ಮೆ ಹೋಗುತ್ತಿದ್ದ. ಅವನ ಹೆಂಡತಿ ಚಂದ ಇದ್ದಳಂತೆ, ಖುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂರುವವಳಂತೆ. ನಾನು ಗಂಟು ಕಟ್ಟಿದೆ. ಕಟ್ಟುವಾಗಲೂ ಅವನು ನಗುತ್ತಲೇ ಇದ್ದ. ಬಸ್ಸು ಹತ್ತಿದ ಮೇಲೆ ನಗು ನಿಂತಿರಬೇಕು.

ಕರೆಯಲು ಅವನು ಬರಲಿಲ್ಲ, ನಾನೂ ಹೋಗಲಿಲ್ಲ. ಎರಡು ವರ್ಷಕ್ಕೆ ಜ್ವರದಲ್ಲಿ ಹೋದ. ಹೋಗುವ ಮೊದಲು ಸೈಫುದ್ದೀನನ ಕೈಯಲ್ಲಿ ಆ ಕೋಲು ಕಳಿಸಿದ, ಒಂದು ಮಾತೂ ಇಲ್ಲದೆ. ಕಟ್ಟಿಕೊಂಡವಳಿಗೆ ಇನ್ನೊಬ್ಬಳ ಅಳತೆ ಕಳಿಸಿದ. ಅದನ್ನು ಒಲೆಗೆ ಹಾಕದೆ ಏನು ಮಾಡಬೇಕಿತ್ತು ಹೇಳಿ.

ಒಂದು ಕೇಳುತ್ತೇನೆ. ಖುರ್ಚಿ ನೋಡಿದರೆ ಆಕೆ ಹೇಗಿದ್ದಳೆಂದು ತಿಳಿಯುತ್ತದಲ್ಲ? ಎತ್ತರವಿದ್ದಳೇ? ತೆಳ್ಳಗಿದ್ದಳೇ? ನನಗೆ ಇಂಚು ಗೊತ್ತಾಗುವುದಿಲ್ಲ, ಗೇಣು ಬೆರಳಿನ ಲೆಕ್ಕದಲ್ಲಿ ಬರೆಯಿರಿ. ಇಷ್ಟು ವರ್ಷ ಆಕೆಯ ಜೊತೆ ಜಗಳವಾಡಿದ್ದೇನೆ, ಮುಖ ನೋಡಿಲ್ಲ.

ಮಾಶಾಬಿ


ಬಿಜಾಪುರ
೬ ಮಾರ್ಚ್ ೧೯೭೪

ಮಾಶಾಬಿ ಅಕ್ಕಾವರಿಗೆ ಯಲಗೂರಪ್ಪ ಕೈಮುಗಿದು ಬರೆಯುವುದು.

ನಾನು ದಡ್ಡನೇ. ರೇಣವ್ವ ನಿಮ್ಮ ಪತ್ರ ಓದಿಸಿಕೊಂಡು ಕೇಳಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. "ಖುರ್ಚಿ ಕಾಣ್ತಾವ, ಮನಷ್ಯಾರು ಕಾಣಂಗಿಲ್ಲ ನಿಮಗ" ಎಂದಳು. ಕ್ಷಮಿಸಿ ಎಂದು ಹೇಗೆ ಕೇಳಬೇಕೋ ತಿಳಿಯದು. ಕೇಳಿದ್ದನ್ನು ಮಾಡಿದ್ದೇನೆ, ಅಷ್ಟೇ.

ಅಳೆದದ್ದು ರೇಣವ್ವ, ತನ್ನ ಕೈಯಿಂದಲೇ. ಹಲಗೆ ನೆಲದಿಂದ ಎರಡು ಗೇಣೂ ಇಲ್ಲ, ನಾಲ್ಕು ಬೆರಳು ಕಡಿಮೆ. ಹಾಗಾದರೆ ಆಕೆ ಗಿಡ್ಡ. ಇಂಜಿನಿಯರರ ಹೆಂಡತಿಯನ್ನು ನಾನು ಸ್ಟೇಶನ್ನಿನಲ್ಲಿ ಕಣ್ಣಾರೆ ನೋಡಿದ್ದೇನೆ, ಗಂಡನಿಗಿಂತ ಎತ್ತರ. ಆ ಖುರ್ಚಿಯಲ್ಲಿ ಕೂತರೆ ಮೊಣಕಾಲು ಎದೆಗೆ ಬರುತ್ತವೆ ಎಂದು ಗೊಣಗುತ್ತಿದ್ದವರು ಅವರೇ. ಅದಕ್ಕೇ ಬಿಟ್ಟುಹೋದದ್ದು. ನಿಮಗೆ ಇದರಿಂದ ಸಮಾಧಾನವೋ ಸಂಕಟವೋ, ಇದ್ದದ್ದು ಇದ್ದಂತೆ ಬರೆದಿದ್ದೇನೆ. ಅಳತೆ ಅವರದಲ್ಲ.

ಹಲಗೆಯ ಬಟ್ಟಲು ಬಲಕ್ಕೆ ಸ್ವಲ್ಪ ಆಳ. ಇನ್ನೊಂದು ವಿಷಯ, ಅದರ ಬಗ್ಗೆ ನಾನು ಎಷ್ಟೋ ದಿನ ಯೋಚನೆ ಮಾಡಿದ್ದೇನೆ. ಗಟ್ಟಿಯಿರುವ ನಾಲ್ಕೂ ಖುರ್ಚಿಗಳಲ್ಲಿ ಎಡಗೈ ಬಲಗೈಗಿಂತ ಎರಡು ಬೆರಳು ತಗ್ಗಿನಲ್ಲಿದೆ, ಸ್ವಲ್ಪ ಮುಂದಕ್ಕೂ ಚಾಚಿದೆ. ವಕೀಲರು ಇದು ಬಡಿಗನ ತಪ್ಪು ಎಂದು ಅಟ್ಟಕ್ಕೆ ಹಾಕಿದ್ದರು. ಎಲ್ಲರ ಮನೆಯಲ್ಲೂ ಅದೇ ಮಾತು. ನನ್ನ ಲೆಕ್ಕದಲ್ಲಿ ಇದು ಪರದೇಶದ ಫ್ಯಾಶನ್. ಎಡಗೈಯಲ್ಲಿ ಪೇಪರು ಹಿಡಿದು ಓದಲು ಅನುಕೂಲ. ರೇಣವ್ವ ಒಪ್ಪುವುದಿಲ್ಲ. ಆಕೆ ನಿಮ್ಮ ಕಡೆಯವಳು, ನಾನು ಏನು ಹೇಳಿದರೂ ಒಪ್ಪುವುದಿಲ್ಲ.

ಯಲಗೂರಪ್ಪ


ಬಿಜಾಪುರ
೨೦ ಏಪ್ರಿಲ್ ೧೯೭೪

ಅಕ್ಕಾವರಿಗೆ,

ಪತ್ರ ಮುಟ್ಟಿತೋ ಇಲ್ಲವೋ. ಇಲ್ಲಿ ಬಿಸಿಲಿಗೆ ಹಳಿಗಳು ನೀರಿನ ಹಾಗೆ ಹೊಳೆಯುತ್ತವೆ. ನಾನು ಬರೆದದ್ದರಲ್ಲಿ ಏನಾದರೂ ಮನಸ್ಸಿಗೆ ಚುಚ್ಚಿದ್ದರೆ ಎರಡು ಮಾತು ಬೈದಾದರೂ ಬರೆಯಿರಿ.

ಯಲಗೂರಪ್ಪ


ಬಿಜಾಪುರ
೨ ಜೂನ್ ೧೯೭೪

ಅಕ್ಕಾವರಿಗೆ ನಮಸ್ಕಾರ.

ಇದು ಕಡೆಯ ಪತ್ರ ಇರಬಹುದು. ನನಗೆ ಗದಗಿಗೆ ವರ್ಗವಾಗಿದೆ. ಈ ಸುದ್ದಿ ನನಗೆ ಮಾರ್ಚಿನಲ್ಲೇ ಗೊತ್ತಿತ್ತು, ನಿಮಗೆ ಬರೆಯಲು ಮನಸ್ಸಾಗಲಿಲ್ಲ. ಅಲ್ಲಿ ಸಿಕ್ಕಿರುವುದು ಒಂದೇ ಕೋಣೆಯ ಕ್ವಾರ್ಟರ್ಸು. ರೇಣವ್ವ, ಮೂರು ಮಕ್ಕಳು, ಐದು ಖುರ್ಚಿ, ಹಿಡಿಸುವುದಿಲ್ಲ.

ಮುಂಬಯಿಯ ಒಬ್ಬ ಸಾಹುಕಾರರು ಇಂಥ ಸಾಮಾನು ಕೂಡಿಸುತ್ತಾರೆ. ಗೋಳಗುಮ್ಮಟ ನೋಡಲು ಬಂದವರು ನಮ್ಮ ಮನೆಗೂ ಬಂದು ನೋಡಿದರು. ಖುರ್ಚಿಗಳ ಸುತ್ತ ಚಪ್ಪಲಿ ಬಿಟ್ಟು ನಡೆದರು. ಅಂಥವರ ಕೈಗೆ ಹೋದರೆ ಮತ್ತೆ ಕೊಟ್ಟಿಗೆ ಸೇರುವುದಿಲ್ಲ. ಐದನ್ನೂ ಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ. ಇದೇ ಇಪ್ಪತ್ನಾಲ್ಕಕ್ಕೆ ವ್ಯಾಗನ್ನಿಗೆ ಹಾಕಬೇಕು.

ನೀವು ಸುಮ್ಮನಾದದ್ದು ನನಗೆ ಅರ್ಥವಾಗಿದೆ. ಆ ಹೆಂಗಸು ಯಾರೇ ಇರಲಿ, ಆಕೆಯ ಖುರ್ಚಿಗಳು ಈ ಸೀಮೆ ಬಿಟ್ಟು ಹೋದರೆ ನಿಮಗೂ ನೆಮ್ಮದಿ ಆದೀತು. ನನಗೆ ಮಾತ್ರ ಸಂಕಟ. ಹೆಣ್ಣುಮಗಳನ್ನು ಕಳಿಸಿಕೊಡುವ ಮನೆಯಂತಾಗಿದೆ.

ಯಲಗೂರಪ್ಪ


ಟಿಕೋಟಾ
೧೦ ಜೂನ್ ೧೯೭೪

ಯಲಗೂರಪ್ಪಣ್ಣನವರಿಗೆ ಮಾಶಾಬಿಯ ಸಲಾಮು.

ಖುರ್ಚಿಗಳನ್ನು ಕಳಿಸಬೇಡಿ. ಕಳಿಸುವುದಿದ್ದರೂ ಈ ಪತ್ರ ಪೂರ್ತಿ ಓದಿ ಕಳಿಸಿ.

ನಾನು ಸಣ್ಣವಳಿದ್ದಾಗ ಹುಣಸೆ ಗಿಡದಿಂದ ಬಿದ್ದು ಎಡ ಮೊಣಕೈ ಮುರಿದಿತ್ತು. ಎಲುಬು ಕೂಡಿಸಿ ಕಟ್ಟಿದವರು ಓರೆಯಾಗಿ ಕಟ್ಟಿದರು. ಅಂದಿನಿಂದ ಅದು ಪೂರ್ತಿ ಮಡಚುವುದಿಲ್ಲ, ಸ್ವಲ್ಪ ಮುಂದಕ್ಕೆ ಚಾಚಿ ಕೆಳಗೇ ಇರುತ್ತದೆ. ಕೌದಿ ಹೊಲಿಯುವಾಗ ಅದರಿಂದ ಬಟ್ಟೆ ಒತ್ತಿ ಹಿಡಿಯುತ್ತೇನೆ. ಕೂತಾಗ ಬಲಕ್ಕೆ ವಾಲಿ ಕೂರುತ್ತೇನೆ. ರೂಢಿಯಾಗಿ ಹೋಗಿ, ನನಗೆ ಅದು ನೆನಪೂ ಇರುವುದಿಲ್ಲ.

ಎರಡು ಬೆರಳು ತಗ್ಗು ಎಂದು ನೀವು ಬರೆದದ್ದನ್ನು ಓದಿದಾಗ ನನಗೆ ಮೊದಲು ಸಂತೋಷ ಆಗಲಿಲ್ಲ. ಆಕೆ ಬೇರೆಯವಳೇ ಆಗಿದ್ದರೆ ಚಲೋ ಇತ್ತು ಅನಿಸಿತು. ಆಗ ನನ್ನ ಸಿಟ್ಟು ಸರಿಯಾಗಿರುತ್ತಿತ್ತು. ಈಗ ಇಷ್ಟು ವರ್ಷವನ್ನು ನಾನು ಎಲ್ಲಿಡಲಿ? ಅದಕ್ಕೇ ನಿಮಗೆ ಬರೆಯಲಿಲ್ಲ.

ಕೋಲು ಸುಟ್ಟಿಲ್ಲ. ಕಿಟಕಿಯ ಬಾಗಿಲಿಗೆ ಆನಿಸಲು ಇಟ್ಟುಕೊಂಡಿದ್ದೆ, ಗಾಳಿಗೆ ಬಡಿಯದಿರಲಿ ಎಂದು. ಮನೆಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ ಅದನ್ನು ತೆಗೆದು ನನ್ನ ಕಾಲಿಗೆ ಹಿಡಿದೆ. ಮೊದಲ ಗೀರು ಮೊಣಕಾಲಿನ ಹಿಂದೆ ಸರಿಯಾಗಿ ಬಂತು. ಮಂಚದ ಮೇಲೆ ಕೂತು ಕೈಗೆ ಹಿಡಿದೆ. ಬಲ ಮೊಣಕೈಗೆ ಒಂದು ಗೀರು, ಎಡಕ್ಕೆ ಇನ್ನೊಂದು. ಕೋಲು ಅಲ್ಲೇ ಬಿಟ್ಟು ಹಿತ್ತಲಿಗೆ ಹೋಗಿ ಅತ್ತೆ.

ಯಾವಾಗ ಅಳೆದರು ಎಂದು ಮೂರು ತಿಂಗಳಿಂದ ನೆನೆಸುತ್ತಿದ್ದೇನೆ. ಈಗ ನೆನಪಾಯಿತು. ನಮ್ಮ ಮದುವೆಯಾದ ವರ್ಷ ಭೂತನಾಳದ ಕೆರೆಗೆ ಹೋಗಿದ್ದೆವು. ನೀರು ಇಳಿದು ದಂಡೆಯ ಮಣ್ಣು ಮೆತ್ತಗಿತ್ತು. "ಇಲ್ಲಿ ಕುಂದ್ರು" ಅಂದರು. "ಸೀರಿ ಹೊಲಸಾಗ್ತೈತ್ರಿ" ಅಂದೆ. "ತೊಳಕೊಂಡ್ರಾತು, ನೀರು ಮುಂದನ ಐತಿ" ಅಂದರು. ಕೂತೆ. ಬಿಸಿಲ ಹೊತ್ತು, ಆದರೂ ಮಣ್ಣು ತಂಪಿತ್ತು. ನೀರಿನ ಮೇಲೆ ಬಿಳಿ ಹಕ್ಕಿ ಇದ್ದವು. ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ನಾನು ಎದ್ದು ಸೀರೆ ತೊಳೆದುಕೊಂಡು ಬಂದರೂ ಅವರು ಮಣ್ಣಿನಲ್ಲಿ ನಾನು ಕೂತ, ಕೈ ಊರಿದ ಗುರುತನ್ನೇ ನೋಡುತ್ತಿದ್ದರು, ಕೈಯಲ್ಲಿ ಒಂದು ಜೊಂಡಿನ ಕಡ್ಡಿ ಹಿಡಿದು. ನಾನು ಬೈದೆ. ಕೆಲಸ ಬಿಟ್ಟು ಕೆಸರು ನೋಡುವ ಗಂಡಸು ಸಿಕ್ಕ ಅಂದೆ.

"ಯಾರಂತ ನೀನ ಹೇಳು" ಎಂದು ಅವರು ನಕ್ಕದ್ದು ಅದಕ್ಕೇ. ನನ್ನ ಕೈ ನನಗೆ ಗೊತ್ತಿಲ್ಲವೆಂದು ಅವರಿಗೆ ಹೇಗೆ ತಿಳಿಯಬೇಕು? ಒಮ್ಮೆ ಕೂತಿದ್ದರೆ ತಿಳಿಯುತ್ತಿತ್ತು. ಅಂಗಡಿಯಲ್ಲಿ ಯಾರೂ ಇಲ್ಲದಾಗಲೂ ನಾನು ಕೂರಲಿಲ್ಲ, ಅಂಥ ಮರ್ಯಾದಸ್ಥೆ.

ನಿಮ್ಮ ಮಾತು ಮುರಿಯಿರಿ ಎಂದು ಹೇಳುವ ಹಕ್ಕು ನನಗಿಲ್ಲ. ಹೋಗುವ ಮುಂಚೆ ನಾನು ಒಮ್ಮೆ ಕೂರಬೇಕು. ಅಷ್ಟೇ.

ಮಾಶಾಬಿ


ಬಿಜಾಪುರ
೧೩ ಜೂನ್ ೧೯೭೪

ಅಕ್ಕಾ,

ಪತ್ರ ಓದಿ ಕೌಂಟರಿನಲ್ಲಿ ಒಬ್ಬನಿಗೆ ಸೊಲ್ಲಾಪುರದ ಬದಲು ಬಾಗಲಕೋಟೆಯ ಟಿಕೆಟ್ಟು ಕೊಟ್ಟೆ.

ಬರುವ ಗುರುವಾರ ಬನ್ನಿ. ಕೋಲು ತನ್ನಿ. ನಾನು ಡ್ಯೂಟಿಯಲ್ಲಿರುತ್ತೇನೆ, ಮಕ್ಕಳು ಸಾಲಿಗೆ ಹೋಗಿರುತ್ತಾರೆ, ಗಂಡಸರ ಗಾಳಿಯೂ ಸುಳಿಯುವುದಿಲ್ಲ. ರೇಣವ್ವ ಈಗಾಗಲೇ ಖುರ್ಚಿಗಳನ್ನು ಒರೆಸಿ ಅಂಗಳದ ಬೇವಿನ ನೆರಳಿಗೆ ಇಟ್ಟು ನೋಡಿದ್ದಾಳೆ. ಸಾಹುಕಾರರಿಗೆ ನಾಲ್ಕೇ ಎಂದು ತಂತಿ ಕೊಟ್ಟಿದ್ದೇನೆ. ಮಾತಿಗೆ ತಪ್ಪಿದವನು ಎಂದು ಅವರು ಬೈಯಲಿ. ಒಂದನ್ನು ನೀವು ಆರಿಸಿಕೊಳ್ಳಬೇಕು. ಅಬ್ದುಲಸಮದ ಅವರಿಗೆ ಏನು ಹೇಳುತ್ತೀರೋ, ಅದು ನನಗೆ ಗೊತ್ತಾಗುತ್ತಿಲ್ಲ.

ನಿಮ್ಮ ತಮ್ಮ,
ಯಲಗೂರಪ್ಪ


ಟಿಕೋಟಾ
೮ ಜುಲೈ ೧೯೭೪

ಗದಗಿನಲ್ಲಿರುವ ತಮ್ಮ ಯಲಗೂರಪ್ಪನಿಗೂ ರೇಣವ್ವನಿಗೂ ಅಕ್ಕನ ಆಶೀರ್ವಾದ.

ಒಂದೇ ಕೋಣೆ ಎಂದು ನೀನು ಬರೆದಿದ್ದೆ, ಹೇಗೆ ಸುಧಾರಿಸಿಕೊಂಡಿರಿ? ಅವತ್ತು ನೀನು ಮನೆಯಲ್ಲಿ ಇಲ್ಲದ್ದು ಒಳ್ಳೆಯದಾಯಿತು. ರೇಣವ್ವ ನಿನಗೆ ಏನು ಹೇಳಿದಳೋ, ನಾನೂ ಹೇಳುತ್ತೇನೆ.

ಮೊದಲ ಖುರ್ಚಿಯ ಮುಂದೆ ಬಹಳ ಹೊತ್ತು ನಿಂತೆ. ಕೂತರೆ ಬಿದ್ದುಬಿಡುತ್ತೇನೆ ಅನಿಸುತ್ತಿತ್ತು. ರೇಣವ್ವ "ನಾನೂ ಕುಂತಾಕಿ ಅಲ್ರಿ, ಇಬ್ಬರೂ ಕೂಡೇ ಕುಂದ್ರೂಣು" ಎಂದಳು. ಕೂತೆವು. ಎಡಗೈ ಎಲ್ಲಿಡಬೇಕೆಂದು ನಾನು ಯೋಚಿಸಲಿಲ್ಲ, ಅದು ತಾನೇ ಹೋಗಿ ಕಟ್ಟಿಗೆಯ ಮೇಲೆ ಇಳಿಯಿತು. ಆ ಕೈ ಇಷ್ಟು ವರ್ಷವೂ ನೋಯುತ್ತಿತ್ತೆಂದು ನನಗೆ ತಿಳಿದದ್ದು ನೋವು ನಿಂತಾಗ. ಬೇವಿನ ನೆರಳು ಅಲ್ಲಾಡುತ್ತಿತ್ತು, ಭೂತನಾಳದ ನೀರು ಅಲ್ಲಾಡಿದಂತೆ. ನೀನು ಕಂಡ ಕನಸು ನನಗೆ ಹಗಲಲ್ಲೇ ಬಂತು. ನನ್ನ ಕನಸಿನ ದಂಡೆಯಲ್ಲಿ ಅವರು ಇದ್ದರು.

ನಾಲ್ಕರಲ್ಲೂ ಕೂತೆ, ನಾಲ್ಕೂ ಹೊಂದಿದವು. ತೊರವಿಯದು ಮಾತ್ರ ಸೊಂಟಕ್ಕೆ ಬಿಗಿಯಾಯಿತು. ಅದು ನಾನು ಬಿಟ್ಟು ಬಂದ ಮೇಲೆ ಮಾಡಿದ್ದು, ಅವರ ಕಡೆಯ ಖುರ್ಚಿ ಎಂದು ಸೈಫುದ್ದೀನ ಹೇಳಿದ. ನಾನು ಅತ್ತು ಅತ್ತು ಸೊರಗಿರುತ್ತೇನೆ ಎಂದು ತಿಳಿದು ಅಳತೆ ಕಡಿಮೆ ಮಾಡಿದ್ದಾರೆ. ಅಣ್ಣನ ಮನೆಯ ರೊಟ್ಟಿಯ ಲೆಕ್ಕ ಅವರಿಗೆ ಸಿಗಲಿಲ್ಲ. ರೇಣವ್ವನೂ ನಾನೂ ಬಿದ್ದು ಬಿದ್ದು ನಕ್ಕೆವು. ನಗುತ್ತಾ ನಾನು ಅತ್ತೆ, ಆಕೆಯೂ ಅತ್ತಳು. ಅದನ್ನೇ ಆರಿಸಿಕೊಂಡೆ. ಉಳಿದವನ್ನು ಅವರು ನನ್ನನ್ನು ನೋಡುತ್ತಾ ಮಾಡಿದರು, ಇದನ್ನು ನೋಡದೆ ಮಾಡಿದರು.

ಸೈಫುದ್ದೀನ ಕೋಲಿನ ಗೀರು ನೋಡಿ ಎಡಗೈ ಮಾಡಿ ಕೂಡಿಸಿದ. ಕೋಲು ಕಣ್ಣಿಗೆ ಒತ್ತಿಕೊಂಡು ಹಿಂದಕ್ಕೆ ಕೊಟ್ಟ. ಅದು ಮತ್ತೆ ಕಿಟಕಿಯಲ್ಲೇ ಇದೆ, ಆಷಾಢದ ಗಾಳಿ ಜೋರಿದೆ.

ಖುರ್ಚಿ ಮೊನ್ನೆ ಬಸ್ಸಿನ ಮೇಲೆ ಬಂತು. ಪಡಸಾಲೆಯಲ್ಲಿ ಬಾಗಿಲಿಗೆ ಎದುರಾಗಿ ಇಟ್ಟು, ಮಡಿಲಲ್ಲಿ ಕೌದಿ ಹಾಕಿಕೊಂಡು ಕೂತಿದ್ದೆ. ಅಣ್ಣ ಪೇಟೆಯಿಂದ ಬಂದ. ಹೊಸ್ತಿಲಲ್ಲಿ ನಿಂತು ನನ್ನನ್ನು ನೋಡಿದ, ಖುರ್ಚಿ ನೋಡಿದ. "ಯಾರದಿದು?" ಎಂದ.

"ನಂದು" ಎಂದೆ. "ನಮ್ಮವರು ಮಾಡ್ಯಾರ."

ಅವನು ನಾನು ಏಳುತ್ತೇನೆಂದು ಕಾಯ್ದ. ನಾನು ಏಳಲಿಲ್ಲ. ಅವನು ಚಾಪೆ ಹಾಸಿಕೊಂಡು ನನ್ನ ಎದುರಿಗೆ ಕೆಳಗೆ ಕೂತ.

ಮಾಶಾಬಿ